ಮಂಗಳವಾರದ ಮೀನು

ಎಕುವಾ ಬೆಂಟ್ಸಿವಾ ಮೀನಿಗೆ ಹೊಗೆ ಹಾಕುವುದರಲ್ಲಿ ಎತ್ತಿದ ಕೈ. ಘಾನಾದ ಸಾಲ್ಟ್‌ಪಾಂಡಿನಿಂದ ಕೂಗಳತೆಯಲ್ಲಿರುವ ನಮ್ಮ ದಡದಲ್ಲಿ ಒಲೆಗಳಿಗೇನೂ ಬರವಿಲ್ಲ. ಆದರೆ ಅವಳ ಒಲೆಯಿಂದ ಇಳಿದ ಬೂತಾಯಿ ಮೀನಿನ ಬಣ್ಣ ಬೇರೆಯವರದಕ್ಕೆ ಬರುವುದಿಲ್ಲ. ಅವಳ ತಮ್ಮ ಎಬೊನ ದೋಣಿಯ ಮೀನು ಮೊದಲು ಅವಳ ಬೋಗುಣಿಗೇ ಬೀಳಬೇಕು, ಉಳಿದವರಿಗೆ ಆಮೇಲೆ. ನಮ್ಮಲ್ಲಿ ಗಂಡಸರು ಹಿಡಿಯುತ್ತಾರೆ, ಹೆಂಗಸರು ಮಾರುತ್ತಾರೆ, ಜಗಳ ಇಬ್ಬರೂ ಆಡುತ್ತಾರೆ.

ಅವಳಿಗೆ ಫೋನಿನ ಹುಚ್ಚು ಹಿಡಿಸಿದ್ದು ಅಕ್ರಾದ ಡೆಡೇ ಮೇಡಂ. ಊಟದಂಗಡಿ ನಡೆಸುವ ಆಕೆ, ಒಮ್ಮೆ ಮೀನು ಒಯ್ಯಲು ಬಂದವಳು, "ದಿನಾ ಒಂದು ಫೋಟೋ ಹಾಕು ಎಕುವಾ, ಕಣ್ಣಿಗೆ ಬಿದ್ದದ್ದೇ ನೆನಪಿರೋದು" ಎಂದು ಹೇಳಿ ಹೋದಳು. ಸರಿ, ಫೇಸ್‌ಬುಕ್ಕಿನಲ್ಲಿ ಎಕುವಾಳ ಪುಟ ಹುಟ್ಟಿತು. ಅಂದಿನಿಂದ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಮೀನು. ಏನು ಬರೆಯಲಿ, ಯಾವುದನ್ನು ಹಾಕಲಿ ಎಂದು ಯೋಚಿಸುತ್ತ ನಿಂತರೆ ಒಲೆಯ ಮೇಲಿನ ಜಾಲರಿಯ ನೆನಪೇ ಇರುತ್ತಿರಲಿಲ್ಲ. ಒಂದು ದಿನ ಇಡೀ ಜಾಲರಿ ಕರಕಲಾಯಿತು. ಎಕುವಾ ಫೋನನ್ನೂ ಡೆಡೇಯನ್ನೂ ಒಟ್ಟಿಗೆ ಬೈದಳು.

ಆಗ ನೆರವಿಗೆ ಬಂದವಳು ಬಾಬಾ, ತೀರಿಕೊಂಡ ತಂಗಿಯ ಮಗಳು. ತಂದೆಯ ಊರಾದ ಕುಮಾಸಿಯಲ್ಲಿ, ಸಮುದ್ರದ ಗಾಳಿಯೂ ಸೋಕದ ಕಡೆ ಬೆಳೆದ ಹುಡುಗಿ. ಈಗ ಕೇಪ್ ಕೋಸ್ಟಿನ ಬಟ್ಟೆಯಂಗಡಿಯೊಂದರ ಜಾಹೀರಾತು ನೋಡಿಕೊಳ್ಳುತ್ತ, ರಜೆ ಸಿಕ್ಕಾಗಲೆಲ್ಲ ದೊಡ್ಡಮ್ಮನ ಮನೆಗೆ ಬರುತ್ತಿದ್ದಳು.

"ದೊಡ್ಡಮ್ಮ, ದಿನಾ ತಲೆ ಕೆಡಿಸ್ಕೊಂಡ್ರೆ ಹೀಗೇ ಆಗೋದು. ವಾರಕ್ಕೆ ಒಂದೇ ಸಲ ಕೂತ್ಕೊಂಡು ಮುಗಿಸಿಬಿಡೋಣ."

ಅವಳು ಮಾಡಿದ ಏರ್ಪಾಡು ಸರಳವಾಗಿಯೇ ಇತ್ತು. ಭಾನುವಾರ ಚರ್ಚು ಮುಗಿಸಿ, ಒಳ್ಳೆಯ ಬಟ್ಟೆ ಮೈಮೇಲಿರುವಾಗಲೇ ವಾರದ ಫೋಟೋಗಳನ್ನೆಲ್ಲ ತೆಗೆಯುವುದು. ಸೋಮವಾರಕ್ಕೆ 'ಇವತ್ತು ಬಂದ ಮೀನು', ಮಂಗಳವಾರಕ್ಕೆ ಒಲೆ, ಬುಧವಾರಕ್ಕೆ ಸಾರು ಮಾಡುವ ಬಗೆ, ಆಮೇಲೆ ಗಿರಾಕಿಗಳ ಮೆಚ್ಚುಗೆ, ಮೀನು ಕಟ್ಟುವ ಚಂದ. ಮಾತುಗಳನ್ನೂ ಆಗಲೇ ಬರೆದಿಟ್ಟರೆ ಆಯಾ ದಿನ ಬೆಳಗ್ಗೆ ಫೋನು ತಾನಾಗಿಯೇ ಹಾಕುತ್ತದೆ. ಮುಂದಿನ ವಾರ ಅದೇ ಮಾತನ್ನು ಅಷ್ಟಿಷ್ಟು ಬದಲಾಯಿಸಿದರಾಯಿತು.

ಎಕುವಾಗೆ ತಲೆಬುಡ ತಿಳಿಯಲಿಲ್ಲ. "ಅಂದ್ರೆ, ನಾನು ಮಲಗಿರುವಾಗ ಅದು ನನ್ನ ಬಾಯಲ್ಲಿ ಮಾತಾಡ್ತದಾ?"

"ಹೂಂ."

"ಗೊರಕೆ ಹೊಡೀತಾ ಇದ್ರೂ?"

"ಆಗ್ಲೂ ಆಡ್ತದೆ. ನಿಮಗಿಂತ ಚೆನ್ನಾಗೇ ಆಡ್ತದೆ."

ಭಾನುವಾರದ ಮೀನನ್ನು ಸೋಮವಾರ 'ಇವತ್ತಿನದು' ಎನ್ನುವುದು ಹೇಗೆ ಎಂದು ಒಮ್ಮೆ ಕೇಳಿದಳು. ಎಲ್ಲರೂ ಹಾಗೇ ಮಾಡೋದು ಎಂದಳು ಬಾಬಾ. ಓದಿದ ಹುಡುಗಿ ಹೇಳಿದ ಮೇಲೆ ಸರಿಯೇ ಇರಬೇಕೆಂದುಕೊಂಡು ಎಕುವಾ ಸುಮ್ಮನಾದಳು. ಮೀನು ಕರಕಲಾಗುವುದು ನಿಂತಿತು, ಅಕ್ರಾದಿಂದ ಬೇಡಿಕೆ ಬಂದೇ ಬಂತು. ಹೀಗಿರುವಾಗ ಯಾರು ತಾನೇ ಎರಡನೇ ಸಲ ಕೇಳುತ್ತಾರೆ?

ಆಗಸ್ಟ್ ಬಂತು, ಬೂತಾಯಿ ರಾಶಿ ರಾಶಿ ಸಿಗುವ ಕಾಲ. ಆ ವಾರ ಸೋಮವಾರ ಎಲ್ಲೆಡೆ ರಜೆ. ರಜೆಯ ದಿನ ಯಾರೂ ಮೀನಿನ ಫೋಟೋ ನೋಡುವುದಿಲ್ಲವೆಂದು ಬಾಬಾ ಎಲ್ಲವನ್ನೂ ಒಂದೊಂದು ದಿನ ಮುಂದಕ್ಕೆ ತಳ್ಳಿದಳು. ಪಕ್ಕದಲ್ಲೇ ಕುಳಿತು ಮೆಕ್ಕೆಜೋಳದ ಕೆಂಕಿ ತಿನ್ನುತ್ತಿದ್ದ ಎಕುವಾ ಹೂಂಗುಟ್ಟಿದಳು.

ಮಂಗಳವಾರ ನಮ್ಮ ಸಮುದ್ರದ ದಿನ. ಅಂದು ಯಾವ ದೋಣಿಯೂ ನೀರಿಗಿಳಿಯುವುದಿಲ್ಲ, ಗಂಡಸರು ದಡದಲ್ಲಿ ಕುಳಿತು ಬಲೆ ಹೊಲಿಯುತ್ತಾರೆ. ಇಳಿದವನ ದೋಣಿಯನ್ನು ಆ ಸುಗ್ಗಿ ಮುಗಿಯುವವರೆಗೆ ಮರಳಿನಲ್ಲಿ ಕಟ್ಟಿಹಾಕುತ್ತಾರೆ. ಅವನ ಜೊತೆ ಮತ್ತೆ ದೋಣಿ ಹತ್ತಲು ಹುಡುಗರು ಹಿಂದೆಮುಂದೆ ನೋಡುತ್ತಾರೆ.

ಆ ಮಂಗಳವಾರ ಬೆಳಗ್ಗೆ ಡೆಡೇ ಮೇಡಂ ಫೋನು ಮಾಡಿದಳು. "ಎಕುವಾ, ನಂಗೊಂದು ದೊಡ್ಡ ಬುಟ್ಟಿ ಎತ್ತಿಡು. ಎಬೊನ ದೋಣಿ ಇವತ್ತು ತುಂಬಿ ಬಂದಿದೆಯಂತಲ್ಲ."

"ಇವತ್ತಾ?"

"ಇವತ್ತೇ ಕಣೆ. ಫೋಟೋ ಇದೆ, ನಿನ್ನ ತಮ್ಮ ಹಲ್ಲು ಕಿಸಿದು ನಿಂತಿದ್ದಾನೆ."

ಆ ಫೋಟೋ ತನ್ನದೇ ಪುಟದ್ದು ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಇವನು ಕದ್ದು ಇಳಿದಿದ್ದಾನೆ, ಯಾರೋ ಫೋಟೋ ಹೊಡೆದು ಊರಿಗೆಲ್ಲ ತೋರಿಸಿದ್ದಾರೆ ಎಂದೇ ಬಗೆದಳು. ಒಲೆಯನ್ನು ಹಾಗೇ ಬಿಟ್ಟು, ಸೊಂಟದ ಬಟ್ಟೆ ಬಿಗಿದುಕೊಂಡು ದಡಕ್ಕೆ ಓಡಿದಳು.

ಎಬೊ ಹತ್ತಾರು ಜನರ ನಡುವೆ ಕುಳಿತು ಬಲೆ ಹೊಲಿಯುತ್ತಿದ್ದ.

"ಏ ಎಬೊ, ಯಾವ ಮುಖ ಹೊತ್ಕೊಂಡು ಇಲ್ಲಿ ಕೂತಿದ್ದೀಯ? ಮಂಗಳವಾರ ನೀರಿಗಿಳೀತೀಯಾ? ಅಮ್ಮನ ಹೆಸರು ಮಣ್ಣುಪಾಲು ಮಾಡ್ದೆಯಲ್ಲೋ."

ಹೊಲಿಯುತ್ತಿದ್ದ ಕೈಗಳೆಲ್ಲ ನಿಂತವು.

"ನಾನೆಲ್ಲಿ ಇಳ್ದೆ ಅಕ್ಕ?"

"ಸುಳ್ಳು ಬೇರೆ ಹೇಳ್ತೀಯಾ? ಅಕ್ರಾದೋರೇ ನೋಡಿದ್ದಾರೆ."

ಒಬ್ಬ ಫೋನು ತೆಗೆದು ಹುಡುಕಿದ. ಫೋಟೋ ಸಿಕ್ಕಿತು. ಅದರ ಮೇಲೆ ಹೆಸರು ಎಕುವಾ ಬೆಂಟ್ಸಿವಾ ಎಂದಿತ್ತು. ಫೋಟೋದ ಅಂಚಿನಲ್ಲಿ ಅವಳ ಚರ್ಚಿನ ಲಂಗದ ತುದಿಯೂ ಕಾಣುತ್ತಿತ್ತು. ಎಕುವಾ ಕಕ್ಕಾಬಿಕ್ಕಿಯಾದಳು. ತಾನೇ ಬರೆಸಿದ್ದು ಎಂದು ಈಗ ತಿಳಿಯಿತು, ಆದರೆ ತಿಳಿದದ್ದನ್ನು ಹೇಳುವುದು ಹೇಗೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಸುದ್ದಿ ದೋಣಿಗಾರರ ಹಿರಿಯ ನಾನಾ ಎಸಿಲ್ಫಿಯವರ ಅಂಗಳ ಮುಟ್ಟಿ, ಎಲ್ಲರಿಗೂ ಕರೆ ಬಂದಿತ್ತು.

ನಾನಾ ಎಸಿಲ್ಫಿ ಫೋಟೋವನ್ನು ದೂರ ಹಿಡಿದು ನೋಡಿದರು. "ಎಕುವಾ, ಇದು ನಿನ್ನ ಮಾತೇನಮ್ಮ?"

"ನನ್ನದೇ ನಾನಾ. ಆದ್ರೆ ಇವತ್ತು ಆಡಿದ್ದಲ್ಲ."

"ಇವತ್ತು ಬಂದ ಮೀನು ಅಂತಿದೆಯಲ್ಲ."

"ಅದು ಭಾನುವಾರ ಆಡಿದ ಇವತ್ತು."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ರಜೆಗೆ ಬಂದು ಇನ್ನೂ ಊರಲ್ಲೇ ಇದ್ದ ಬಾಬಾ ಮುಂದೆ ಬಂದು ಏರ್ಪಾಡನ್ನು ವಿವರಿಸತೊಡಗಿದಳು. ರಜೆ, ಮುಂದಕ್ಕೆ ತಳ್ಳಿದ್ದು, ತಾನಾಗಿಯೇ ಹೋಗುವುದು. ನಾನಾ ಕೈಯೆತ್ತಿದರು.

"ಮಗಳೇ, ನೀನು ಹೇಳ್ತಾ ಹೋದ ಹಾಗೆ ನಂಗೆ ಗೊತ್ತಿದ್ದದ್ದೂ ಮರೆತು ಹೋಗ್ತಾ ಇದೆ. ಎಕುವಾ, ನೀನೇ ಹೇಳು. ಒಂದೋ ನಿನ್ನ ತಮ್ಮ ಇವತ್ತು ಇಳಿದಿದ್ದಾನೆ, ಇಲ್ಲವೋ ನೀನು ಅಕ್ರಾದವರಿಗೆ ಸುಳ್ಳು ಹೇಳಿದ್ದೀಯ. ಯಾವುದು?"

ಮೀನು ನಿಜ, ತಮ್ಮ ನಿಜ, ದೋಣಿ ನಿಜ. ಇದರಲ್ಲಿ ಸುಳ್ಳು ಎಲ್ಲಿ ಹೊಕ್ಕಿತೆಂದು ಎಷ್ಟು ಯೋಚಿಸಿದರೂ ಅವಳಿಗೆ ಹೊಳೆಯಲಿಲ್ಲ. ಜನ್ಮದಲ್ಲಿ ಹಳಸಿದ ಮೀನನ್ನು ಹೊಸದೆಂದು ಮಾರಿದವಳಲ್ಲ. ಎಬೊ ನೆಲ ನೋಡುತ್ತ ನಿಂತಿದ್ದ.

"ಸುಳ್ಳು ನಂದೇ ನಾನಾ," ಎಂದಳು. "ಅವನು ಇಳಿದಿಲ್ಲ."

"ಹಾಗಾದ್ರೆ ಕೊಂಡವರಿಗೂ ಅದನ್ನೇ ಹೇಳು. ನಾವೂ ಕೇಳೋಣ."

ಎಕುವಾ ಎಲ್ಲರಿಗೂ ಕೇಳುವ ಹಾಗೆ ಡೆಡೇಗೆ ಫೋನು ಮಾಡಿದಳು. ಇವತ್ತು ಮೀನು ಬಂದಿಲ್ಲ, ಸೋಮವಾರ ಸೋಮವಾರ ಹಾಕುತ್ತಿದ್ದದ್ದೂ ಆಯಾ ದಿನದ ಮಾತಲ್ಲ, ಎಲ್ಲವೂ ಭಾನುವಾರವೇ ಬರೆದಿಟ್ಟದ್ದು ಎಂದು ತಡವರಿಸುತ್ತ ಹೇಳಿದಳು.

"ನಿನ್ನ ಮಾತು ನಂಬ್ಕೊಂಡು ನಾನು ಗಿರಾಕಿಗಳಿಗೆ ಹಾಗೇ ಹೇಳ್ತಿದ್ನಲ್ಲ ಎಕುವಾ," ಎಂದು ಡೆಡೇ ಫೋನು ಇಟ್ಟಳು.

ಎಬೊನ ದೋಣಿಯನ್ನು ಕಟ್ಟಿಹಾಕಲಿಲ್ಲ. ಅಂಗಳದಿಂದ ಹೊರಗೆ ಬಂದ ಮೇಲೆ ಎಕುವಾ, "ಅಂತೂ ಉಳೀತಲ್ಲ ತಮ್ಮ" ಎಂದಳು. ಅವನು ನಿಲ್ಲದೆ ನಡೆಯುತ್ತಲೇ ಹೇಳಿದ: "ಅದು ನೀನೇ ಬರೆಸಿದ್ದು. ಆದ್ರೂ ಅದನ್ನೇ ನಂಬ್ದೆ. ನಾನು ಎದುರಿಗೇ ಕೂತಿದ್ದೆ, ಇಳ್ದೆಯಾ ಅಂತ ನನ್ನನ್ನ ಒಂದು ಮಾತು ಕೇಳ್ಬೇಕು ಅಂತ ಅನ್ನಿಸ್ಲಿಲ್ಲ ನಿಂಗೆ."

ಯಾಕೆ ಕೇಳಲಿಲ್ಲ? ಫೋಟೋ ಎಂದ ಕೂಡಲೇ ತಮ್ಮನ ಮೇಲೆ ಅಷ್ಟು ವರ್ಷದ ನಂಬಿಕೆ ಎಲ್ಲಿಗೆ ಹೋಯಿತು? ಒಲೆಯ ಮುಂದೆ ಕೂತರೂ ಅದೇ, ಉಣ್ಣಲು ಕೂತರೂ ಅದೇ.

ಮರುದಿನ ದೋಣಿ ತುಂಬಿ ಬಂತು. ಎಕುವಾ ಬೋಗುಣಿ ಹಿಡಿದು ಹೋದಳು, ಆದರೆ ಎಂದಿನಂತೆ ಮುಂದೆ ನುಗ್ಗದೆ ಹೆಂಗಸರ ಹಿಂದೆ ನಿಂತಳು. ಅಷ್ಟರಲ್ಲಿ ಫೋನು ಬಂತು.

"ಇವತ್ತು ಮೀನು ಬಂದಿದೆಯಾ?" ಡೆಡೇಯ ದನಿ ಬಿಗಿಯಾಗಿತ್ತು. "ನಿಜ ಹೇಳು."

ಮೀನು ಕಣ್ಣೆದುರೇ ವಿಲವಿಲ ಒದ್ದಾಡುತ್ತಿತ್ತು. ಬಂದಿದೆ ಎನ್ನಲು ಎಕುವಾಗೆ ಬಾಯಿ ಬರಲಿಲ್ಲ. ಹೆಂಗಸರನ್ನು ಸರಿಸಿಕೊಂಡು ಮುಂದೆ ಹೋಗಿ ಫೋನನ್ನು ಎಬೊನತ್ತ ಚಾಚಿದಳು. "ನೀನೇ ಹೇಳೋ. ನೀನು ಹೇಳಿದ್ದೇ ನಿಜ."

ಎಬೊ ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಂಡ. ಆಮೇಲೆ ಫೋನು ತೆಗೆದುಕೊಂಡ.

"ಬಂದಿದೆ ಮೇಡಂ. ಇವತ್ತೇ ಬಂದಿದೆ."

ಫೋನು ಹಿಂದಿರುಗಿಸಿ, ಅವಳ ಬೋಗುಣಿಯನ್ನು ಎಳೆದುಕೊಂಡು ಮೊದಲು ಅದಕ್ಕೇ ಮೀನು ಸುರಿದ. ಅವಳ ಮುಖವನ್ನು ಮಾತ್ರ ನೋಡಲಿಲ್ಲ.