ಹೀರಾಬಿ ಕೂತ ದಿನ

ಗಬ್ಬೂರಿನ ಬೂದೆಮ್ಮನಿಗೆ ರಾಯಚೂರಿನ ಹತ್ತಿ ಮಿಲ್ಲಿನಿಂದ ಹದಿಮೂರು ವಾರದ ಕೂಲಿ ಇನ್ನೂ ಬರಬೇಕು. ಜೊತೆಗೆ ದುಡಿದ ಗಬ್ಬೂರು, ಮಲ್ಲಟದ ಮೂವತ್ತು ಹೆಂಗಸರಿಗೂ ಅಷ್ಟೇ ಬಾಕಿ. ತಪ್ಪು ಮಾಲೀಕನದು. ಬೂದೆಮ್ಮನದೂ ಒಂದು ಪಾಲಿದೆ, ಆಕೆಯೇ ಒಪ್ಪುತ್ತಾಳೆ.

ಇಪ್ಪತ್ತು ವರ್ಷ ಧರಣಿಗಳಲ್ಲಿ ಘೋಷಣೆ ಕೂಗಿದವಳು. ಅಲ್ಲಿ ಕೂಗಿದವರು ನಮ್ಮವರು, ಬಾಯಿ ಮುಚ್ಚಿಕೊಂಡವರು ಮಾಲೀಕನ ಕಡೆಯವರು. ಕೋರ್ಟಿಗೂ ಇದೇ ಅಳತೆ ಹಿಡಿದುಕೊಂಡು ಹೋದಳು.

ವಕೀಲೆ ಹೀರಾಬಿ ಮೊದಲೇ ಹೇಳಿದ್ದರು: "ಕೇಸ್ ಮುಗಿಯೋತನ ನನ್ನ ಬೈಬ್ಯಾಡ್ರಿ ಯವ್ವಾ. ಮುಗಿದ ಮ್ಯಾಲ ಬೇಕಾದಷ್ಟು ಬೈರಿ."

ಸಾಕ್ಷಿಯ ದಿನ ಮಿಲ್ಲಿನ ಗುಮಾಸ್ತ, ಈ ಹೆಂಗಸರು ಎರಡೇ ದಿನ ಕೆಲಸಕ್ಕೆ ಬಂದದ್ದು ಎಂದ. ಹೀರಾಬಿ ಎದ್ದರು, ಪಾಟೀಸವಾಲಿಗೆ ಮುಂದಿನ ತಾರೀಖು ಕೇಳಿದರು, ಕೂತರು.

ಹೊರಗೆ ಬೇವಿನ ಗಿಡದ ಕೆಳಗೆ ಮಲ್ಲಟದ ಮಲ್ಲೇಶ್ವರಿ, "ಆಕಿ ಬಾಯಾಗ ಮಾಲಕ ಪೇಢಾ ತುರುಕ್ಯಾನೇನ ಬೇ?" ಎಂದಳು.

"ಡಬ್ಬಿನೇ ತುರುಕ್ಯಾನ," ಎಂದಳು ಬೂದೆಮ್ಮ.

ಎಲ್ಲರೂ ನಕ್ಕರು. ಆ ವಾರವೇ ವಕೀಲರನ್ನು ಬದಲಿಸುವ ಕಾಗದಕ್ಕೆ ಮೂವತ್ತೊಂದು ಹೆಬ್ಬೆಟ್ಟು ಬಿದ್ದವು. ಮೊದಲನೆಯದು ಬೂದೆಮ್ಮನದು.

ಹೊಸ ವಕೀಲ ಮಾನ್ವಿಯ ಯಂಕೋಬನದು ದೊಡ್ಡ ಗಂಟಲು. ಬೂದೆಮ್ಮ ಅವನಿಗೆ ಗೇಟಿನ ಪುಸ್ತಕದ ವಿಷಯ ಹೇಳಿದಳು. ಹತ್ತಿ ಕದ್ದಾರೆಂದು ದಿನಾ ಸಂಜೆ ಗೇಟಿನಲ್ಲಿ ಹೆಂಗಸರಿಂದ ಸೆರಗು ಜಾಡಿಸಿ, ಆ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಿಡುತ್ತಿದ್ದರು. ಮಾಲೀಕನಿಗೆ ಅದು ಮರೆತೇಹೋಗಿತ್ತು. ಯಂಕೋಬ ಕೋರ್ಟಿನಲ್ಲಿ ಗುಡುಗಿದ: "ಗೇಟಿನ ಪುಸ್ತಕ ತರ್ರಿ, ನೋಡೂಣು!" ಹೆಂಗಸರ ಎದೆ ಉಬ್ಬಿತು.

ಮುಂದಿನ ತಾರೀಖಿಗೆ ಪುಸ್ತಕವನ್ನು ಗೆದ್ದಲು ತಿಂದಿತ್ತು. ಗೇಟಿನಲ್ಲಿ ಆ ಪುಸ್ತಕ ನೋಡಿಕೊಳ್ಳುತ್ತಿದ್ದ ಜಮೀರನ ಕೆಲಸ ಹೋಗಿತ್ತು. ಪುರಾವೆ ಇಲ್ಲವೆಂದು ಕೇಸು ಬಿತ್ತು.

ತೀರ್ಪಿನ ಮಾರನೇ ದಿನ ಬೂದೆಮ್ಮ ಹೀರಾಬಿಯ ಆಫೀಸಿನಲ್ಲಿ ನೆಲದ ಮೇಲೆ ಕೂತಳು.

"ಜಮೀರ್ ಸಾಕ್ಷಿ ಹೇಳಾಕ ಒಪ್ಪಿದ್ದ. ಪುಸ್ತಕ ಬಗಲಾಗ ಇಟಗೊಂಡು ಬರಾಂವಿದ್ದ," ಎಂದರು ಹೀರಾಬಿ. "ಅದಕ್ಕ ಒಂದು ತಾರೀಖು ಬೇಕಾಗಿತ್ತು."

"ನಮಗರ ಹೇಳಬಾರದೇನ್ರಿ?"

"ಮೂವತ್ತೊಂದು ಮಂದಿಗಿ ಹೇಳಿದ್ರ ಸಂಜೀಕ ಮಿಲ್ಲಿಗಿ ಮುಟ್ಟತಿತ್ತು. ಅದಕ್ಕ ಕೇಸ್ ಮುಗಿಯೋತನ ಬೈಬ್ಯಾಡ್ರಿ ಅಂದಿದ್ದೆ."

ಬೈಯಲು ಬೂದೆಮ್ಮನಿಗೆ ತನ್ನ ಹೆಬ್ಬೆಟ್ಟಷ್ಟೇ ಉಳಿದಿತ್ತು.

ಮೇಲಿನ ಕೋರ್ಟಿಗೆ ಹೋಗಲು ಹೀರಾಬಿ ಒಪ್ಪಿದ್ದಾರೆ. ಆ ಗೇಟಿನಲ್ಲಿ ನೀವೂ ಸೆರಗು ಜಾಡಿಸಿದ್ದರೆ, ಜಾಡಿಸಿದ್ದನ್ನು ಕಂಡಿದ್ದರೆ, ಬಂದು ಸಾಕ್ಷಿ ಹೇಳಿ. ಆಮೇಲೆ ಹೀರಾಬಿ ಕೂತರೆ ನೀವೂ ಬಾಯಿ ಮುಚ್ಚಿಕೊಂಡು ಕೂತಿರಿ, ತೀರ್ಪು ಬರುವ ತನಕ.