ನಾನು ಓದದೆ ಬಿಟ್ಟ ಎರಡನೇ ಸಾಲು

ಸಭೆಯ ಪ್ರಿಯರೇ, ತಲೆ ಎತ್ತಿ ಈ ಸಾಕ್ಷಿ ಬರೆಯುವ ಮುಖ ನನಗಿಲ್ಲ. ಆದರೂ ಕರ್ತನು ಮಾಡಿದ ಉಪಕಾರವನ್ನು ಮುಚ್ಚಿಡಬಾರದೆಂದು ಬರೆಯುತ್ತಿದ್ದೇನೆ. ಕಳೆದ ಮಾರ್ಚ್ ತಿಂಗಳಲ್ಲಿ ನನ್ನ ಹೆಂಡತಿ ಶಾಂತಾ ನನ್ನನ್ನು ಬಿಟ್ಟು ದೊಡ್ಡಬಳ್ಳಾಪುರದ ತವರಿಗೆ ಹೋದಳು. ಜಗಳವೇನೂ ಆಗಲಿಲ್ಲ. ಅನ್ನ, ಸಾರು ಮಾಡಿಟ್ಟು, ಎರಡು ಸೀರೆ ಬ್ಯಾಗಿಗೆ ಹಾಕಿಕೊಂಡು ಹೊರಟಳು.

ನಾನು ನೆಲಮಂಗಲದ ಹೆದ್ದಾರಿ ಬದಿಯ ಗೋದಾಮಿನಲ್ಲಿ ಸೂಪರ್‌ವೈಸರ್. ಭಾನುವಾರ ಸಭೆಯಲ್ಲಿ ಪ್ರಶ್ನೋತ್ತರ ನಡೆಸುತ್ತಿದ್ದೆ. ಬಾಗಿಲ ಬಳಿಯ ಬಿಸ್ಕತ್ತಿನ ಡಬ್ಬಕ್ಕೆ ಜನ ಹೆಸರಿಲ್ಲದ ಚೀಟಿ ಹಾಕುತ್ತಿದ್ದರು. ಆರಾಧನೆ ಮುಗಿದ ಮೇಲೆ ನಾನು ಮೈಕ್ ಹಿಡಿದು ಉತ್ತರ ಹೇಳುತ್ತಿದ್ದೆ. ದೇವರಿದ್ದಾನೆ ಎನ್ನಲು ಏನು ಆಧಾರ, ಒಳ್ಳೆಯವರಿಗೇ ಯಾಕೆ ಕಷ್ಟ, ಯೇಸುವಿನ ಹೆಸರೇ ಕೇಳದೆ ಸತ್ತ ನಮ್ಮಜ್ಜಿಯ ಗತಿ ಏನು, ಎಲ್ಲಕ್ಕೂ ನನ್ನಲ್ಲಿ ಉತ್ತರವಿತ್ತು. ಜನ ಹೊಗಳಿದಾಗ "ಕರ್ತನಿಗೆ ಸ್ತೋತ್ರ" ಎನ್ನುತ್ತಿದ್ದೆ, ಒಳಗೊಳಗೇ ಉಬ್ಬಿಹೋಗುತ್ತಿದ್ದೆ.

ಸಮಾಧಿ ಭೂಮಿ ಕಾಯುವ ಯೇಸಪ್ಪ ತಾತ ಒಂದು ಸಲ ಎದ್ದು ನಿಂತು ಕೇಳಿದ್ದರು: "ಬ್ರದರೇ, ಅಲ್ಲಿ ಮೇಲೆ ಕೂಸುಗಳು ದೊಡ್ಡವಾಯ್ತವಾ?" ನಾನು, "ತಾತ, ಅಲ್ಲೇನು ಅಂಗನವಾಡಿ ಇಟ್ಟಿದ್ದಾರಾ?" ಎಂದೆ. ಸಭೆಯೆಲ್ಲ ನಕ್ಕಿತು. ತಾತ ಕೂತುಕೊಂಡರು. ಆಮೇಲೆ ಅವರು ಏನೂ ಕೇಳಲಿಲ್ಲ.

ಶಾಂತಾ ಹೊರಡುವುದಕ್ಕೆ ಆರು ತಿಂಗಳ ಮುಂಚೆ ನಮಗೆ ಹೆಣ್ಣುಮಗು ಹುಟ್ಟಿ, ಎರಡನೇ ದಿನಕ್ಕೇ ತೀರಿಕೊಂಡಿತ್ತು. ಬಾಣಂತಿ ಇನ್ನೂ ಆಸ್ಪತ್ರೆಯ ವಾರ್ಡಿನಲ್ಲಿದ್ದಳು. ಎಳೆಗೂಸನ್ನು ಗಂಡಸರೇ ಒಯ್ದು ಮಣ್ಣು ಮಾಡುವುದು, ತಾಯಿಗೆ ಜಾಗ ಹೇಳದಿರುವುದು ನಮ್ಮ ಮನೆಯ ರೂಢಿ. ಹೇಳಿದರೆ ಅವಳು ಅಲ್ಲೇ ಹೋಗಿ ಕೂರುತ್ತಾಳೆ ಎಂಬ ಭಯ. ನಾನೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೇ ಗೊತ್ತಿರಲಿಲ್ಲ. ಮಗುವನ್ನು ಯೇಸಪ್ಪ ತಾತನ ಕೈಗೆ ಕೊಟ್ಟು, ಧೈರ್ಯ ಸಾಲದೆ ಗೇಟಿನ ಹೊರಗೆ ಫೋನ್ ನೋಡುತ್ತಾ ನಿಂತಿದ್ದೆ.

ಮಾರ್ಚ್ ತಿಂಗಳ ಒಂದು ಭಾನುವಾರ ಡಬ್ಬದಲ್ಲಿ ಒಂದು ಚೀಟಿ ಸಿಕ್ಕಿತು. ಎರಡು ಸಾಲು. "ಸಭೆಯೆಲ್ಲ ಪ್ರಾರ್ಥನೆ ಮಾಡಿದರೂ ನನ್ನ ಮಗು ಯಾಕೆ ಉಳಿಯಲಿಲ್ಲ? ಅವಳನ್ನು ಎಲ್ಲಿ ಮಲಗಿಸಿದ್ದೀರಿ ಎಂದು ನನಗೆ ಯಾಕೆ ಹೇಳುವುದಿಲ್ಲ?" ಇದು ನಮ್ಮ ಮನೆಯದೇ ಪ್ರಶ್ನೆ ಎಂದು ತಕ್ಷಣ ಗೊತ್ತಾಯಿತು. ಆದರೆ ಮೈಕ್ ಕೈಯಲ್ಲಿತ್ತು, ಜನ ಕಾಯುತ್ತಿದ್ದರು. ಮೊದಲ ಸಾಲನ್ನಷ್ಟೇ ಓದಿದೆ. ನಾವು ಸೀರೆಯ ಒಳಮೈ ಮಾತ್ರ ನೋಡುತ್ತೇವೆ, ಬರೀ ಗಂಟು ಕಾಣುತ್ತದೆ. ದೇವರು ಮೇಲ್ಮೈ ನೋಡುತ್ತಾನೆ ಎಂದು ಹತ್ತು ನಿಮಿಷ ಮಾತಾಡಿದೆ. ಜನ ಆಮೆನ್ ಎಂದರು. ಶಾಂತಾ ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ಮರುದಿನ ಅವಳು ಹೋದಳು. ಫೋನ್ ಮಾಡಿದರೆ ಇಷ್ಟೇ ಹೇಳಿದಳು: "ರೀ, ನಮ್ಮಪ್ಪ ಮಗ್ಗದವರು. ಎಳೆ ಕಿತ್ತೋದ್ರೆ ಮೊದ್ಲು ಮಗ್ಗ ನಿಲ್ಲಿಸ್ತಾರೆ. ಮೇಲ್ಗಡೆ ಚೆನ್ನಾಗಿ ಕಾಣತ್ತೆ ಅಂತ ಓಡಿಸ್ತಾ ಇರಲ್ಲ. ನಾನು ಎರಡು ಸಾಲು ಬರ್ದಿದ್ದೆ."

ಆಮೇಲೆ ಮೂರು ವಾರ ಅವಳು ಫೋನ್ ಎತ್ತಲಿಲ್ಲ. ಜಾಗ ತಿಳಿಯದೆ ಯಾವ ಮುಖ ಹೊತ್ತು ದೊಡ್ಡಬಳ್ಳಾಪುರದ ಬಸ್ಸು ಹತ್ತಲಿ? ಯೇಸಪ್ಪ ತಾತನನ್ನು ಕೇಳಲೂ ನಾಚಿಕೆ. ಕೊನೆಗೆ ಒಂದು ಬೆಳಿಗ್ಗೆ ಗೋದಾಮಿಗೆ ರಜೆ ಹೇಳಿ ನಾನೊಬ್ಬನೇ ಸಮಾಧಿ ಭೂಮಿಗೆ ಹೋದೆ. ಮಳೆಗೆ ದಿಬ್ಬಗಳೆಲ್ಲ ಕುಸಿದು ನೆಲಸಮವಾಗಿದ್ದವು, ಮೇಲೆ ಒಣಹುಲ್ಲು ಬೆಳೆದಿತ್ತು. ಒಂದು ಗಂಟೆ ಹುಡುಕಿ ಸೋತು ಮಂಡಿಯೂರಿದೆ. ಅಷ್ಟು ವರ್ಷ ಮೈಕಿನಲ್ಲಿ ಪ್ರಾರ್ಥಿಸಿದವನಿಗೆ ಅಂದು ಬಂದದ್ದು ಒಂದೇ ಮಾತು: "ಸ್ವಾಮಿ, ನನಗೆ ಉತ್ತರ ಬೇಡ, ಜಾಗ ತೋರಿಸು."

ಹಿಂದೆ ಗೇಟು ಕಿರ್ರೆಂದಿತು. ಯೇಸಪ್ಪ ತಾತ ಕೈಯಲ್ಲಿ ನೀರಿನ ಕ್ಯಾನ್ ಹಿಡಿದು ಬಂದರು. ನನ್ನನ್ನು ಒಂದು ಸಲ ನೋಡಿ, "ಇಲ್ಲಲ್ಲ ಕಣಪ್ಪಾ, ಬಾ" ಎಂದು ಗೋಡೆಯ ಪಕ್ಕಕ್ಕೆ ಕರೆದೊಯ್ದರು. ಸುತ್ತಲೂ ಬಿಳಿಕಲ್ಲು ಜೋಡಿಸಿದ ಒಂದು ಮೊಳದ ಜಾಗ. ನಡುವೆ ನಂದಿಬಟ್ಟಲ ಗಿಡ, ನಾಲ್ಕು ಹೂವು ಬಿಟ್ಟಿತ್ತು.

"ನಿನ್ ಮಗಳು. ತಾಯಿ ಒಂದಿನ ಕೇಳ್ಕೊಂಡು ಬಂದೇ ಬತ್ತಾಳೆ ಅಂತ ಗುರುತು ಮಡಗಿದ್ದೆ. ಎಲ್ಲಾ ಕೂಸಿಗೂ ಮಡಗ್ತೀನಿ. ಅದಕ್ಕೇ ಅವತ್ತು ನಿನ್ನ ಕೇಳಿದ್ದು, ದೊಡ್ಡವಾಯ್ತವಾ ಅಂತ."

ನಾನು ಅವರ ಕಾಲು ಹಿಡಿದು ಅತ್ತೆ. ನಾಚಿಕೆಯಿಂದ ನೆಲಕ್ಕೆ ಇಳಿದುಹೋದರೆ ಸಾಕೆನಿಸಿತು. ತಾತ ನನ್ನ ಭುಜ ತಟ್ಟಿ ಗಿಡಕ್ಕೆ ನೀರು ಹಾಕಿದರು.

ಅಂದೇ ಬಸ್ಸು ಹತ್ತಿದೆ. "ಜಾಗ ಸಿಕ್ತು" ಎಂದ ಕೂಡಲೇ ಶಾಂತಾ ಚಪ್ಪಲಿ ಮೆಟ್ಟಿಕೊಂಡಳು. ಗಿಡದ ಬಳಿ ಅವಳು ಹೊತ್ತು ಇಳಿಯುವವರೆಗೂ ಕೂತಿದ್ದಳು, ನಾನೂ ಪಕ್ಕದಲ್ಲಿ ಕೂತಿದ್ದೆ. ಆಮೇಲೆ, "ಮನೆಗೆ ಹೋಗೋಣ ನಡೀರಿ" ಎಂದಳು. ಕರ್ತನು ಒಬ್ಬ ಮುದುಕನ ಕೈಯಲ್ಲಿ ನನ್ನ ಪ್ರಾರ್ಥನೆಗೆ ಆರೇಳು ತಿಂಗಳ ಮುಂಚೆಯೇ ಉತ್ತರ ಸಿದ್ಧಮಾಡಿ ಇಟ್ಟಿದ್ದನು. ಕರ್ತನನ್ನು ಈಗ ಹೆಚ್ಚು ನಂಬುತ್ತೇನೆ, ನನ್ನ ನಾಲಿಗೆಯನ್ನು ಕಡಿಮೆ.

ಮುಂದಿನ ಭಾನುವಾರ ಆ ಚೀಟಿಯನ್ನೇ ಮತ್ತೆ ತೆಗೆದು ಮೈಕಿನಲ್ಲಿ ಪೂರ್ತಿ ಓದಿದೆ. ಮೊದಲನೆಯ ಪ್ರಶ್ನೆಗೆ, ನನಗೆ ಗೊತ್ತಿಲ್ಲ ಎಂದೆ. ತಾತನ ಪ್ರಶ್ನೆಗೂ ಅದೇ ಹೇಳಿ, ಎಲ್ಲರೆದುರು ಅವರ ಕ್ಷಮೆ ಕೇಳಿದೆ. ಎರಡನೆಯ ಸಾಲಿಗೆ ಮಾತ್ರ ಉತ್ತರ ಕೊಟ್ಟೆ: ಗೇಟಿನಿಂದ ಎಡಕ್ಕೆ, ಗೋಡೆಯ ಪಕ್ಕ, ನಂದಿಬಟ್ಟಲ ಗಿಡದ ಕೆಳಗೆ.