ನೀಲವ್ವನ ಖಾನಾವಳಿಗೆ ಬೆಲೆ ಕಟ್ಟಿದವರು

ಜನ ತುಂಬಿರುವ ಕಟ್ಟಡಕ್ಕಿಂತ ಖಾಲಿ ಕಟ್ಟಡಕ್ಕೆ ಬೆಲೆ ಹೆಚ್ಚು ಎಂದು ದಸ್ತೂರ್ ಸಾಹೇಬರು ಹೇಳಿದಾಗ, ಅವರ ಇಂಗ್ಲಿಷು ನನಗೆ ತಪ್ಪಾಗಿ ಕೇಳಿಸಿತೆಂದುಕೊಂಡೆ. ಮುಂಬಯಿಯ ಗಿರಗಾಂವದ ಒಂದು ಓಣಿಯಲ್ಲಿ ನಿಂತಿದ್ದೆವು. ಎದುರಿಗೆ ಮರದ ತೊಲೆಗಳ ಆಸರೆಯಲ್ಲಿ ನಿಂತ ಹಳೆಯ ಕಟ್ಟಡ. ಕೆಳಗೆ ಅಂಗಡಿಗಳು, ಮೇಲೆ ಗ್ಯಾಲರಿಯ ತುಂಬ ಒಣಹಾಕಿದ ಬಟ್ಟೆ.

"ಬಾಡಿಗೆ ಕಾಯ್ದೆ ಇರುವುದರಿಂದ ಇವರೆಲ್ಲ ಅಜ್ಜನ ಕಾಲದ ಬಾಡಿಗೆಯನ್ನೇ ಕೊಡುತ್ತಾರೆ. ಎಬ್ಬಿಸುವಂತಿಲ್ಲ. ಕೊಳ್ಳುವವನು ಗೋಡೆಗಳನ್ನು ಕೊಳ್ಳುವುದಿಲ್ಲ, ಮುಂದೆ ಬರಲಿರುವ ಬಾಡಿಗೆಯನ್ನು ಕೊಳ್ಳುತ್ತಾನೆ" ಎಂದರು ಸಾಹೇಬರು.

ನಮ್ಮ ಮುದ್ದೇಬಿಹಾಳದಲ್ಲಿ ಬೀಗ ಬಿದ್ದ ಮನೆಯ ಮುಂದೆ ಜನ ದನಿ ತಗ್ಗಿಸಿ ಹಾಯುತ್ತಾರೆ. ಇಲ್ಲಿ ಬೀಗಕ್ಕೇ ಬೆಲೆ.

ಎಪ್ಪತ್ತರ ದಶಕದ ನಡುವಿನ ಮಾತಿದು. ವಿಜಾಪುರದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಮುಂಬಯಿಗೆ ಬಂದಿದ್ದೆ. ಹಗಲು ಸಾಹೇಬರ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಸಂಜೆ ಅವರದೇ ತರಗತಿ. ಅಂಗಡಿ, ಕಚೇರಿ, ಗೋದಾಮು ಹೀಗೆ ಬಾಡಿಗೆ ತರುವ ಕಟ್ಟಡಗಳಿಗೆ ಬೆಲೆ ಕಟ್ಟುವ ಮೇಲ್ಮಟ್ಟದ ಓದು. ಆ ತರಗತಿಯಲ್ಲಿ ಹೆಣ್ಣು ನಾನೊಬ್ಬಳೇ. ಶಾಲೆಯ ಮಾಸ್ತರರಾಗಿದ್ದ ಅಪ್ಪ, ಊರಿನವರು ಕೇಳಿದರೆ "ಮುಂದಿಂದು ಓದಲಿಕ್ಕತ್ತಾಳ್ರಿ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು.

ಭಾಷೆಯ ಚಿಂತೆಯಿಲ್ಲ ಎಂದುಕೊಂಡು ಬಂದವಳು ನಾನು. ಮನೆಯಲ್ಲಿ ಕನ್ನಡದಷ್ಟೇ ಮರಾಠಿಯೂ ಇತ್ತು. ಆದರೆ ದಾದರಿನ ಹೆಣ್ಣುಮಕ್ಕಳ ವಸತಿಗೃಹದಲ್ಲಿ ನಾನು ಬಾಯಿ ತೆರೆದರೆ ಉಳಿದವರು ಮುಸಿಮುಸಿ ನಗುತ್ತಿದ್ದರು. ಅಜ್ಜಿ ಅಷ್ಟು ಗತ್ತಿನಿಂದ ಆಡುತ್ತಿದ್ದ ಮರಾಠಿ ಇಲ್ಲಿ ಯಾವುದೋ ಗಡಿಯ ಹಳ್ಳಿಯ ನುಡಿ. ಊಟಕ್ಕೆ ಬೆಲ್ಲ ಹಾಕಿದ ತಿಳಿಸಾರು, ಕಾಗದದಂಥ ಚಪಾತಿ. ಆ ದಿನಗಳಲ್ಲಿ ನಾನು ಕಡಿಮೆ ಮಾತನಾಡುವುದನ್ನು ಕಲಿತೆ. ಹಸಿವಿಲ್ಲ ಎಂದು ಹೇಳುವುದನ್ನೂ.

ಆ ಸಂಜೆ ಗಿರಗಾಂವದಲ್ಲಿ ಪಾಠ ಮುಗಿದು ಎಲ್ಲರೂ ಚದುರಿದಾಗ, ಅದೇ ಕಟ್ಟಡದ ಕೆಳಗಿನ ಮಳಿಗೆಯೊಂದರಿಂದ ರೊಟ್ಟಿ ಬಡಿಯುವ ಸದ್ದು ಬಂತು. ಒಳಗೆ ಇಂಡಿ, ತಾಳಿಕೋಟೆ, ಬಾಗೇವಾಡಿ ಕಡೆಯ ಗಿರಣಿ ಕೆಲಸದವರು ಸಾಲಾಗಿ ಕುಳಿತು ಉಣ್ಣುತ್ತಿದ್ದರು. ಬಾಗಿಲಲ್ಲಿ ತಡೆದು ನಿಂತ ನನ್ನನ್ನು ಒಲೆಯ ಮುಂದಿದ್ದ ಹೆಂಗಸು ಕಂಡಳು.

"ಯಾವೂರಾಕಿ ನೀ?"

"ಮುದ್ದೇಬಿಹಾಳ್ರೀ."

"ಹಂಗಾರ ನಮ್ಮಾಕಿನ. ನಂದು ಸಿಂದಗಿ. ಒಳಗ ಬಾ, ಇಲ್ಲಿ ಒಲಿ ಮಗ್ಗಲಕ ಕೂಡು." ಆಮೇಲೆ ನನ್ನ ಮಾತಿನ ಧಾಟಿಯಿಂದ ಗುರುತು ಹಿಡಿದು, ತುಸು ಹಿಂಜರಿದು ಕೇಳಿದಳು: "ನೀವು ಆಚಾರ್ರ ಮಂದಿ ಕಾಣ್ತೀರಿ. ನಮ್ಮ ಕೈದು ನಡೀತೈತೇನು?"

"ನಡೀತದರಿ," ಎಂದೆ.

ಊರಿನಲ್ಲಾಗಿದ್ದರೆ ನಾವಿಬ್ಬರೂ ಹೊಸ್ತಿಲಿನ ಆಚೆ ಈಚೆ ನಿಂತು ಮಾತಾಡುತ್ತಿದ್ದೆವು. ಇಲ್ಲಿ ಆಕೆಯ ಒಲೆಯ ಪಕ್ಕ ಕುಳಿತು ಬಿಸಿರೊಟ್ಟಿ, ಪುಂಡಿಪಲ್ಯ ಉಂಡೆ. ಆಕೆ ನೀಲವ್ವ. ಗಂಡ ಗಿರಣಿಯಲ್ಲಿದ್ದು ತೀರಿಕೊಂಡ ಮೇಲೆ ಖಾನಾವಳಿ ಇಟ್ಟಿದ್ದಳು. ಅಂದಿನಿಂದ ಮುಂಬಯಿಯಲ್ಲಿ ನನ್ನದೂ ಎನ್ನುವ ಒಂದು ಮೂಲೆಯಾಯಿತು.

ಮರುವರ್ಷ ಆ ಕಟ್ಟಡದ ಮಾಲೀಕರು ಅದನ್ನು ಮಾರಲು ಹೊರಟರು. ಕೊಳ್ಳುವವರಿಗೆ ಬೇಕಾದದ್ದು ಖಾಲಿ ಜಾಗ. ಬೆಲೆ ಕಟ್ಟುವ ಕೆಲಸ ನಮ್ಮ ಕಚೇರಿಗೇ ಬಂತು. ಅಳತೆಗೆ ಹೋಗಲು ಸಾಹೇಬರು ನನಗೆ ಹೇಳಿದರು. ಸ್ವತಂತ್ರವಾಗಿ ಸಿಕ್ಕ ಮೊದಲ ಕೆಲಸ. ಒಪ್ಪಿಕೊಂಡರೆ ಪರೀಕ್ಷೆಗೂ ಅದೇ ವರದಿ ಆಗುತ್ತಿತ್ತು.

"ಸರ್, ಅಲ್ಲಿ ನಾನು ಊಟ ಮಾಡುತ್ತೇನೆ. ಖಾನಾವಳಿಯಾಕೆ ನನ್ನ ಕಡೆಯವಳು," ಎಂದೆ.

ಸಾಹೇಬರು ಕನ್ನಡಕ ತೆಗೆದರು. "ಹಾಗಾದರೆ ಈ ಕೆಲಸ ನಿನ್ನದಲ್ಲ."

"ಕಾಯ್ದೆ ಏನಿದೆ ಎಂದು ಆಕೆಗೆ ಹೇಳಬಹುದೇ?"

"ನಾವು ಕಟ್ಟುವ ಬೆಲೆ ಮಾಲೀಕರದು, ಅದನ್ನು ಹೇಳಬೇಡ. ಕಾಯ್ದೆ ಎಲ್ಲರದು."

ಬೇರೆ ಹುಡುಗ ಅಳೆಯಲು ಹೋದ. ಅಂದು ಸಂಜೆ ನೀಲವ್ವ ನನಗೆ ತಾಟು ಇಡಲಿಲ್ಲ.

"ಅಳತಿಗೆ ನೀ ಬರ್ತಿ ಅಂತ ತಿಳಕೊಂಡಿದ್ದೆ. ಯಾರೋ ಬಂದು ನನ್ನ ಒಲಿ ಮ್ಯಾಲೆ ಟೇಪ್ ಹಿಡದ್ರು. ನೀ ಎಲ್ಲಿ ಹೋಗಿದ್ದಿ?"

"ನಾ ಬಂದಿದ್ರ ನಿಮ್ಮನ್ನ ಎಬ್ಬಸವ್ರ ಕಡೀಂದ ಬರಬೇಕಾಗ್ತಿತ್ತು, ನೀಲವ್ವಾರ. ನನ್ನ ಮಾತು ಕೇಳ್ರಿ. ಅವರು ಕಾಗದ ತಂದ್ರ ಸಹಿ ಮಾಡಬ್ಯಾಡ್ರಿ. ಬಾಡಿಗಿ ಕಟಗೋತ ಇರೋತನಕಾ ನಿಮ್ಮನ್ನ ಯಾರಿಗೂ ಎಬ್ಬಸಲಿಕ್ಕೆ ಬರೂದಿಲ್ಲ."

ಆಕೆ ಎದ್ದು ನನಗೆ ತಾಟು ಇಟ್ಟಳು. ಆಮೇಲೆ ರೊಟ್ಟಿ ಬಡಿಯತೊಡಗಿದಳು.

ನೀಲವ್ವ ಸಹಿ ಮಾಡಲಿಲ್ಲ. ಮೇಲಿನ ಮನೆಯವರು ಒಬ್ಬೊಬ್ಬರಾಗಿ ಕೊಟ್ಟಷ್ಟು ತೆಗೆದುಕೊಂಡು ಹೋದರು. ನಲ್ಲಿಯ ನೀರು ನಿಂತಾಗ ಪಕ್ಕದ ಓಣಿಯಿಂದ ಹೊತ್ತು ತಂದಳು. ಮಾಲೀಕರ ಕಡೆಯವರು ಮತ್ತೆ ಮತ್ತೆ ಬಂದಾಗ, "ನನ್ನ ಹೆಸರಲೆ ಒಂದು ಅಂಗಡಿ ಬರಕೊಡ್ರಿ, ಏಳ್ತೇನಿ. ಇಲ್ಲಂದ್ರ ಇಲ್ಲೇ ಇರ್ತೇನಿ" ಎಂದು ಒಂದೇ ಮಾತು ಹಿಡಿದಳು. ಕಡೆಗೆ ಅವರು ಮಣಿದರು. ಠಾಣೆಯಾಚೆಯ ಹೊಸ ಬಡಾವಣೆಯಲ್ಲಿ ಆಕೆಗೆ ಸ್ವಂತದ ಅಂಗಡಿಯಾಯಿತು. ನಮ್ಮಿಬ್ಬರ ಪಾಲಿಗೂ ಅದು ಗೆಲುವು. ಆ ವರದಿಯಿಲ್ಲದೆ ನನ್ನ ಪರೀಕ್ಷೆ ಒಂದು ವರ್ಷ ಹಿಂದೆ ಬಿತ್ತು, ನನಗೆ ಬೇಸರವಾಗಲಿಲ್ಲ.

ಅಂಗಡಿ ನೋಡಲು ಹೋದೆ. ಬಿಳಿಸುಣ್ಣದ ಗೋಡೆ, ಒಳಗೇ ನಲ್ಲಿ. ನೀಲವ್ವ ಚಪಾತಿ ಲಟ್ಟಿಸುತ್ತಿದ್ದಳು. ಗಿರಣಿಯ ಜನ ಪಾಳಿ ಮುಗಿಸಿ ಅಷ್ಟು ದೂರ ಬರುವುದಾದರೂ ಹೇಗೆ? ಬರುವವರಿಗೆ ಜೋಳದ ರೊಟ್ಟಿ ಬೇಡ.

"ಇಲ್ಲಿ ಎಲ್ಲಾ ನಂದ ಐತಿ ನೋಡವ್ವಾ," ಎಂದಳು. "ಉಣ್ಣಾಕ ಬರೂವರು ಅಷ್ಟ ನನ್ನವರಲ್ಲ."

ಕಟ್ಟಡದ ಆದಾಯವನ್ನು ಹೇಗೆ ಬೆಲೆಯಾಗಿಸಬೇಕೆಂದು ಅಷ್ಟರಲ್ಲಿ ಚೆನ್ನಾಗಿ ಕಲಿತಿದ್ದೆ. ಈ ಮಾತಿಗೆ ಆ ಲೆಕ್ಕ ಕೆಲಸಕ್ಕೆ ಬಾರದು. ಒಂದು ಚಪಾತಿ ಹಾಕಿಸಿಕೊಂಡು ಉಂಡೆ.

ಆ ದೀಪಾವಳಿಗೆ ಮುದ್ದೇಬಿಹಾಳಕ್ಕೆ ಹೋದೆ. ಅಪ್ಪನ ಜೊತೆ ಪೇಟೆಗೆ ಹೊರಟರೆ, ನನ್ನನ್ನು ಎಳೆಯವಳಿದ್ದಾಗಿನಿಂದ ಏಕವಚನದಲ್ಲೇ ಕರೆಯುತ್ತಿದ್ದ ಅರಿವೆ ಅಂಗಡಿಯ ಚನ್ನಪ್ಪ ಎದ್ದು ಕುರ್ಚಿ ಹಾಕಿದ.

"ಬರ್ರಿ, ಕೂಡ್ರಿ. ಯಾವಾಗ ಬಂದ್ರಿ?"

ನಾನು ಆತನ ಅಂಗಡಿಯ ಮುಖದ ಅಗಲ, ರಸ್ತೆಯ ತಿರುವು, ಪಕ್ಕದ ಗೋದಾಮನ್ನು ನೋಡುತ್ತಿದ್ದೆ. ಅದು ತಿಳಿದು ನನಗೇ ನಾಚಿಕೆಯಾಯಿತು.

"ಮತ್ತ, ಇನ್ನೂ ಎಷ್ಟ ದಿನ ಇರ್ತೀರಿ?"

"ಸೋಮವಾರ ಊರಿಗೆ ಹೋಗ್ತೇನ್ರಿ," ಎಂದೆ.

ಚನ್ನಪ್ಪ ಗಮನಿಸಲಿಲ್ಲ. ಅಪ್ಪ ಮಾತ್ರ ಕೈಯಲ್ಲಿದ್ದ ಅರಿವೆಯನ್ನು ಕೆಳಗಿಟ್ಟು ನನ್ನತ್ತ ತಿರುಗಿದರು.

"ಯಾವ ಊರಿಗೆ?" ಎಂದು ಕೇಳಿದರು, ಮೆಲ್ಲಗೆ.